ಲೋನಾಕ್‌ಗೆ ಎರಡು ಸಲ ಹತ್ತಿದೆವು

ನೇಪಾಳದಲ್ಲಿ ಕಾಂಚನಜುಂಗಾ ಶಿಖರದ ಬುಡಕ್ಕೆ ನಡೆದು ಹೋಗುವ ನಮ್ಮ ಪ್ರಯಾಣದ ಹಾಳೆಯಲ್ಲಿ ಎರಡು ದಿನ ಖಾಲಿ ಇದ್ದವು. ತಮ್ಮ ಅದನ್ನು ಕಂಪ್ಯೂಟರಿನಲ್ಲಿ ಮಾಡಿ, ಪ್ರಿಂಟ್ ತೆಗೆದು, ನಮ್ಮ ಅಡುಗೆಮನೆಯ ಫ್ರಿಜ್ ಮೇಲೆ ಅಂಟಿಸಿದ್ದ. ಒಂದೊಂದು ದಿನದ ಮುಂದೆ ಒಂದೊಂದು ಊರಿನ ಹೆಸರು. ತಾಪ್ಲೆಜುಂಗ್, ಸೇಕಾಥುಮ್, ಅಮ್ಜಿಲೋಸಾ, ಗ್ಯಾಬ್ಲಾ, ಘುನ್ಸಾ, ಖಾಂಬಾಚೆನ್, ಲೋನಾಕ್, ಕೊನೆಗೆ ಉತ್ತರ ಬೇಸ್ ಕ್ಯಾಂಪ್ ಇರುವ ಪಾಂಗ್‌ಪೆಮಾ. ಆಮೇಲೆ ವಾಪಸ್ ದಾರಿ. ಅದರ ಕೆಳಗೆ ಎರಡು ಸಾಲು ಏನೂ ಬರೆಯದೆ ಬಿಟ್ಟಿದ್ದ.

'ಇದ್ಯಾಕೋ ಖಾಲಿ?' ಅಂತ ಕೇಳಿದೆ.

'ಇರಲಿ ಬಿಡಕ್ಕ, ಬೇಕಾಗುತ್ತೆ' ಅಂದ.

ನಮ್ಮದು ಸಕಲೇಶಪುರದ ಕಡೆ ತೋಟ. ನವೆಂಬರಿನಲ್ಲಿ ಕಾಫಿ ಕುಯ್ಲು ಶುರುವಾಗುತ್ತದೆ. ಅಷ್ಟರೊಳಗೆ ನಾನು ಮನೆಯಲ್ಲಿರಬೇಕು. ಆಳುಗಳನ್ನು ಹೊಂದಿಸಬೇಕು, ಕಣ ಸರಿಮಾಡಿಸಬೇಕು, ಅಮ್ಮನನ್ನು ಜಾಸ್ತಿ ದಿನ ಒಬ್ಬರನ್ನೇ ಬಿಡುವ ಹಾಗಿಲ್ಲ. ಆ ಎರಡು ಖಾಲಿ ಸಾಲುಗಳನ್ನು ನೋಡಿದಾಗೆಲ್ಲ ನನಗೆ ಮನಸ್ಸಿನಲ್ಲಿ ಕಿರಿಕಿರಿ ಆಗುತ್ತಿತ್ತು. ಅವು ಇಲ್ಲದಿದ್ದರೆ ನಾನು ಕಾಂಚನಜುಂಗಾದ ಉತ್ತರ ಬೇಸ್ ಕ್ಯಾಂಪ್ ನೋಡುತ್ತಲೇ ಇರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ಕಾಂಚನಜುಂಗಾ 8,586 ಮೀಟರ್. ಜಗತ್ತಿನಲ್ಲಿ ಮೂರನೆಯದು. ಶಿಖರ ಸರಿಯಾಗಿ ಗಡಿಯ ಮೇಲಿದೆ. ಆಚೆ ನಮ್ಮ ಸಿಕ್ಕಿಂ, ಈಚೆ ನೇಪಾಳ. ಡಾರ್ಜಿಲಿಂಗಿನಿಂದ ಕಾಣುತ್ತದಲ್ಲ, ಕಾಲೇಜು ಪ್ರವಾಸದಲ್ಲಿ ನಾನು ಮೊದಲು ನೋಡಿದ್ದು ಅಲ್ಲಿಂದಲೇ. ಬೆಳಗಿನ ಜಾವ ಗುಲಾಬಿ ಬಣ್ಣದಲ್ಲಿ ಐದು ನಿಮಿಷ ಕಂಡಿತ್ತು, ಆಮೇಲೆ ಮೋಡ. ಅದರ ಬುಡಕ್ಕೆ ನಡೆದು ಹೋಗಬಹುದು ಅಂತ ಗೊತ್ತಾಗಿದ್ದು ಇಪ್ಪತ್ತೈದು ವರ್ಷದ ಮೇಲೆ, ತಮ್ಮ ಹೇಳಿದಾಗ.

ನೇಪಾಳದ ಆ ಮೂಲೆ ನಿರ್ಬಂಧಿತ ಪ್ರದೇಶ. ಸುಮ್ನೆ ಚೀಲ ಹಾಕಿಕೊಂಡು ಹೋಗುವ ಹಾಗಿಲ್ಲ. ನಾವು ಹೋದಾಗ ಕನಿಷ್ಠ ಇಬ್ಬರಿರಬೇಕು, ಜೊತೆಗೆ ಲೈಸೆನ್ಸ್ ಇರುವ ಗೈಡ್ ಬೇಕು, ಪರ್ಮಿಟ್ಟನ್ನು ಏಜೆನ್ಸಿಯ ಮೂಲಕವೇ ಮಾಡಿಸಬೇಕು ಅಂತಿತ್ತು. ಕಾಠ್ಮಂಡುವಿನಲ್ಲಿ ಎರಡು ದಿನ ಅದಕ್ಕೇ ಹೋಯಿತು. ಹೆಲಿಕಾಪ್ಟರ್ ಖರ್ಚು ಸೇರಿದ ವಿಮೆಯನ್ನು ಊರಲ್ಲೇ ಮಾಡಿಸಿಕೊಂಡಿದ್ದೆವು. ದಪ್ಪ ಜಾಕೆಟ್ಟು, ಸ್ಲೀಪಿಂಗ್ ಬ್ಯಾಗು ಅಲ್ಲೇ ಬಾಡಿಗೆಗೆ ತೊಗೊಂಡೆವು.

ತಯಾರಿ ಅಂದರೆ ಮೂರು ತಿಂಗಳು ದಿನಾ ಬೆಳಿಗ್ಗೆ ತೋಟದ ಏರು ಹತ್ತಿ ಇಳಿದಿದ್ದು. ಬೆನ್ನಿಗೆ ಎಂಟು ಕೆಜಿ ಅಕ್ಕಿ ತುಂಬಿದ ಚೀಲ. ಕಾಲು, ಉಸಿರು ಎರಡೂ ಚೆನ್ನಾಗಿ ಪಳಗಿದವು. ಆದರೆ ಎತ್ತರವನ್ನು ನಮ್ಮ ರಾಜ್ಯದಲ್ಲಿ ಅಭ್ಯಾಸ ಮಾಡೋಕೆ ಆಗಲ್ಲ. ನಮ್ಮಲ್ಲಿ ಎಲ್ಲಕ್ಕಿಂತ ಎತ್ತರ ಮುಳ್ಳಯ್ಯನಗಿರಿ, 1,930 ಮೀಟರ್. ತಾಪ್ಲೆಜುಂಗ್ ಪೇಟೆ ಇರುವುದೇ ಸುಮಾರು 1,800 ಮೀಟರಿನಲ್ಲಿ. ನಮ್ಮ ತುದಿ ಅವರ ಬಸ್ ಸ್ಟ್ಯಾಂಡ್.

ಕಾಠ್ಮಂಡುವಿನಿಂದ ಭದ್ರಪುರಕ್ಕೆ ವಿಮಾನ. ಅಲ್ಲಿಂದ ಜೀಪು. ಇಲಾಮಿನ ಚಹಾ ತೋಟಗಳ ನಡುವೆ ರಸ್ತೆ ಸುತ್ತಿ ಸುತ್ತಿ ಹತ್ತುತ್ತದೆ. ಫಿದಿಮ್ ದಾಟಿ ಎರಡನೇ ದಿನ ತಾಪ್ಲೆಜುಂಗ್ ಸೇರಿದೆವು. ಮೈಕೈ ಎಲ್ಲ ನುಜ್ಜುಗುಜ್ಜು. ಆದರೆ ಮಾರನೆಯ ದಿನ ಸೇಕಾಥುಮ್ ಕಡೆಗೆ ಹೊರಟಾಗ ಒಂದು ವಾಸನೆ ಬಂತು ನೋಡಿ, ನಾನು ಜೀಪು ನಿಲ್ಲಿಸಿ ಅಂದೆ.

ಏಲಕ್ಕಿ. ನಮ್ಮ ಹಸಿರು ಏಲಕ್ಕಿಯಲ್ಲ, ದೊಡ್ಡ ಏಲಕ್ಕಿ. ಬಿರಿಯಾನಿಗೆ ಹಾಕುವ ಕಪ್ಪು ಕಾಯಿ. ತಾಪ್ಲೆಜುಂಗ್ ಜಿಲ್ಲೆ ಅದಕ್ಕೆ ಹೆಸರುವಾಸಿ. ರಸ್ತೆ ಪಕ್ಕ ಕಲ್ಲು ಮಣ್ಣಿನ ಗೂಡು ಕಟ್ಟಿ, ಕೆಳಗೆ ಸೌದೆ ಉರಿ ಇಟ್ಟು, ಮೇಲೆ ಕಾಯಿ ಹರವಿದ್ದರು. ಅದಕ್ಕೆ ಭಟ್ಟಿ ಅಂತಾರೆ. ಹೊಗೆಯಲ್ಲೇ ಒಣಗುವುದರಿಂದ ಆ ಕಾಯಿಗೆ ಆ ಬಣ್ಣ, ಆ ಘಾಟು. ಇಳಿಜಾರಿನ ತುಂಬ ಉತ್ತಿಸ್ ಮರ, ಅದರ ನೆರಳಲ್ಲಿ ಏಲಕ್ಕಿ ಬುಡಗಳು. ಆ ಮರ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ. ಹಾಗಾಗಿ ನೆರಳೂ ಆಯಿತು, ಗೊಬ್ಬರವೂ ಆಯಿತು. ನಾವು ಹಾಲುವಾಣ ನೆಡುವುದೂ ಇದೇ ಲೆಕ್ಕದಲ್ಲಿ.

ನಮ್ಮ ಗೈಡ್ ಅದೇ ಕಡೆಯ ಲಿಂಬು ಜನಾಂಗದ ಹುಡುಗ. ಮೂವತ್ತರ ಆಸುಪಾಸು. ನನ್ನನ್ನು ದೀದಿ ಅನ್ನುತ್ತಿದ್ದರು, ನಾನು ಅವರಿಗೆ ಭಾಯಿ ಅನ್ನುತ್ತಿದ್ದೆ. ಮಾತು ಹಿಂದಿಯಲ್ಲಿ. ಅವರ ಮನೆಯಲ್ಲೂ ಏಲಕ್ಕಿ. 'ಈಗ ಬೆಳೆ ಹೇಗೆ?' ಅಂದೆ. 'ಛಿರ್ಕೆ, ಫುರ್ಕೆ ಬಂದು ಅರ್ಧ ತೋಟ ಹೋಯಿತು ದೀದಿ' ಅಂದರು. ಎರಡೂ ಅಲ್ಲಿನ ರೋಗದ ಹೆಸರು. ಛಿರ್ಕೆಯಲ್ಲಿ ಎಲೆಯ ಮೇಲೆ ಪಟ್ಟೆ ಬೀಳುತ್ತದಂತೆ. ಫುರ್ಕೆಯಲ್ಲಿ ಬುಡದಿಂದ ಸಣ್ಣ ಸಣ್ಣ ಗಿಡ ಗುಂಪಾಗಿ ಎದ್ದು ಕಾಯಿಯೇ ಬಿಡುವುದಿಲ್ಲವಂತೆ. ನಾನು ನಮ್ಮ ಕಟ್ಟೆ ರೋಗದ ಕಥೆ ಹೇಳಿದೆ. ಅಜ್ಜನ ಕಾಲದ ನಮ್ಮ ಏಲಕ್ಕಿ ಹೋಗಿದ್ದು ಅದರಿಂದಲೇ. ಮೂರೂ ವೈರಸ್, ಮೂರನ್ನೂ ಹರಡುವುದು ಗಿಡದ ರಸ ಹೀರುವ ಸಣ್ಣ ಸಸ್ಯಹೇನು, ಮೂರಕ್ಕೂ ಔಷಧಿ ಇಲ್ಲ. ಬುಡ ಕಿತ್ತು ಸುಡಬೇಕು ಅಷ್ಟೆ. ರಸ್ತೆ ಬದಿ ನಿಂತು ನಾವಿಬ್ಬರೂ ಅರ್ಧ ಗಂಟೆ ಇದನ್ನೇ ಮಾತಾಡಿದೆವು. ತಮ್ಮ ಪಾಪ ಜೀಪಿನಲ್ಲೇ ಕೂತಿದ್ದ. ನಾನು ಊರಿಂದ ತಂದಿದ್ದ ಹಸಿರು ಏಲಕ್ಕಿಯ ಪೊಟ್ಟಣ ಅವರಿಗೆ ಕೊಟ್ಟೆ. ಮೂಸಿ ನೋಡಿ, ಮಡಚಿ, ಒಳಜೇಬಿನಲ್ಲಿ ಇಟ್ಟುಕೊಂಡರು.

ಸೇಕಾಥುಮ್‌ನಿಂದ ನಡಿಗೆ. ಮೊದಲ ಎರಡು ದಿನ ಘುನ್ಸಾ ಖೋಲಾ ನದಿಯ ಪಕ್ಕದ ಕಡಿದಾದ ಕಾಡು. ಬಿದಿರು, ಜಲಪಾತ, ತೂಗುಸೇತುವೆ. ಅಮ್ಜಿಲೋಸಾದ ಏರು ತುಂಬ ಕಡಿದು. ಅಲ್ಲಿ ರಾತ್ರಿ ಊಟಕ್ಕೆ ಢಿಂಡೋ ಸಿಕ್ಕಿತು. ಕೋದೋ ಹಿಟ್ಟಿನದು. ಕೋದೋ ಅಂದರೆ ನಮ್ಮ ರಾಗಿಯೇ. ಬಿಸಿ ಬಿಸಿ ಮುದ್ದೆ, ಸೊಪ್ಪಿನ ಪಲ್ಯ, ಮೇಲೆ ತುಪ್ಪ. ಹಾಸನ ಜಿಲ್ಲೆಯವರಿಗೆ ಇನ್ನೇನು ಬೇಕು?

ಮೂರನೇ ದಿನ ಫಾಲೆ ದಾಟಿದೆವು. ಟಿಬೆಟಿನಿಂದ ಬಂದವರ ಊರು ಅದು. ಅಲ್ಲಿಂದ ಮುಂದೆ ಲಾರ್ಚ್ ಮರದ ಕಾಡು. ಸೂಜಿಯೆಲೆಯ ಮರವೇ, ಆದರೆ ಚಳಿಗಾಲಕ್ಕೆ ಮೊದಲು ಎಲೆ ಉದುರಿಸುತ್ತದೆ. ಅಕ್ಟೋಬರ್ ಕೊನೆಯಲ್ಲಿ ಇಡೀ ಕಣಿವೆ ಅರಿಶಿನ ಚೆಲ್ಲಿದ ಹಾಗಿತ್ತು.

ಘುನ್ಸಾ ಸುಮಾರು 3,500 ಮೀಟರ್. ಮರದ ಮನೆಗಳು, ಪ್ರಾರ್ಥನೆಯ ಬಾವುಟಗಳು, ಆಲೂಗೆಡ್ಡೆ ಹೊಲ. ಅಲ್ಲಿ ಎರಡು ರಾತ್ರಿ ಇರಬೇಕು, ಮೈ ಎತ್ತರಕ್ಕೆ ಒಗ್ಗಲಿ ಅಂತ. ಆ ಬಿಡುವಿನ ದಿನ ಭಾಯಿ ಒಂದು ವಿಷಯ ಹೇಳಿದರು. ಈ ಸುತ್ತಿನ ಕಾಡು, ಹಿಮ ಎಲ್ಲ ಸೇರಿ ಕಾಂಚನಜುಂಗಾ ಸಂರಕ್ಷಿತ ಪ್ರದೇಶ. 1997ರಲ್ಲಿ ಘೋಷಣೆಯಾಗಿದ್ದು. 2006ರಲ್ಲಿ ಸರ್ಕಾರ ಅದನ್ನು ನೋಡಿಕೊಳ್ಳುವ ಕೆಲಸವನ್ನು ಊರಿನವರ ಕೈಗೇ ಕೊಟ್ಟಿತು. ಹಿಮಚಿರತೆ, ಕೆಂಪು ಪಾಂಡಾ ಇರುವ ಜಾಗವನ್ನು ಅಲ್ಲಿ ಬದುಕುವವರೇ ಕಾಯಲಿ ಅನ್ನುವುದು ದೊಡ್ಡ ತೀರ್ಮಾನ. ಆ ಹಸ್ತಾಂತರ ಮುಗಿಸಿ, ಸೆಪ್ಟೆಂಬರ್ 23ರಂದು ಘುನ್ಸಾದಿಂದ ಹೊರಟ ಹೆಲಿಕಾಪ್ಟರ್ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 24 ಜನರೂ ಹೋದರು. ಚಂದ್ರ ಗುರುಂಗ್, ಮಿಂಗ್ಮಾ ನೋರ್ಬು ಶೆರ್ಪಾ, ಹರ್ಕ ಗುರುಂಗ್, ಹೀಗೆ ನೇಪಾಳದ ಕಾಡಿಗೆ ಜೀವ ಸವೆಸಿದವರೆಲ್ಲ ಅದರಲ್ಲಿದ್ದರು. ಭಾಯಿ ಆಗ ಶಾಲೆಯ ಹುಡುಗ. 'ಎರಡು ದಿನ ಹೆಲಿಕಾಪ್ಟರ್ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ ದೀದಿ. ಮೋಡ ಹಾಗಿತ್ತು' ಅಂದರು. ನಾನು ಕಣಿವೆಯ ಕಡೆ ನೋಡಿದೆ. ನಿಚ್ಚಳ ನೀಲಿ ಆಕಾಶ. ಅದೇ ಕಣಿವೆ ಅಂತ ನಂಬೋಕೆ ಕಷ್ಟವಾಯಿತು.

ನಾನು ಮೊದಲ ತಪ್ಪು ಮಾಡಿದ್ದೂ ಘುನ್ಸಾದಲ್ಲೇ. ನಮ್ಮೂರ ಡಾಕ್ಟರು ಇಬ್ಬರಿಗೂ ಡಯಮಾಕ್ಸ್ ಬರೆದುಕೊಟ್ಟಿದ್ದರು. 125 ಮಿಲಿಗ್ರಾಂ, ದಿನಕ್ಕೆರಡು ಸಲ. ಅದು ಮೈ ಬೇಗ ಎತ್ತರಕ್ಕೆ ಹೊಂದಿಕೊಳ್ಳೋಕೆ ಸಹಾಯ ಮಾಡುತ್ತದೆ. ಆದರೆ ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರಕ್ಕೆ ಪದೇ ಪದೇ ಏಳಬೇಕು. ಶೌಚಾಲಯ ಮನೆಯ ಹೊರಗೆ. ರಾತ್ರಿ ಮೂರು ಸಲ ಎದ್ದು, ಶೂ ಹಾಕಿಕೊಂಡು, ಆ ಚಳಿಯಲ್ಲಿ ಹೋಗಿ ಬರುವುದು ಸಾಕಾಗಿತ್ತು. ಮಾತ್ರೆ ನಿಲ್ಲಿಸಿದೆ. ತಮ್ಮನಿಗೂ ಹೇಳಲಿಲ್ಲ, ಭಾಯಿಗೂ ಹೇಳಲಿಲ್ಲ. ಒಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು, ಇದೇ ಸರಿ ಅನ್ನಿಸಿತು.

ಖಾಂಬಾಚೆನ್ ಸುಮಾರು 4,100 ಮೀಟರ್. ಹತ್ತಾರು ಕಲ್ಲು ಮನೆ. ಚಳಿಗಾಲದಲ್ಲಿ ಎಲ್ಲರೂ ಘುನ್ಸಾಕ್ಕೆ ಇಳಿದುಬಿಡುತ್ತಾರೆ. ಅಲ್ಲಿಗೆ ಸೇರುವ ಹೊತ್ತಿಗೆ ಎದುರಿಗೆ ಜನ್ನು ಶಿಖರ ಕಾಣಿಸಿತು, 7,710 ಮೀಟರ್. ನೇಪಾಳಿಯಲ್ಲಿ ಅದರ ಹೆಸರು ಕುಂಭಕರ್ಣ. ನಿಜವಾಗಲೂ ಹೆಗಲು, ಕತ್ತು, ತಲೆ ಇರುವ ಒಂದು ಆಕಾರ. ಮಲಗಿದವನಲ್ಲ, ಎದ್ದು ಕೂತವನು. ಲಿಂಬು ಜನರಿಗೆ ಅದು ಫಕ್ತಾಂಗ್‌ಲುಂಗ್ಮಾ, ದೇವರ ಬೆಟ್ಟ. ಭಾಯಿ ಮಾತು ನಿಲ್ಲಿಸಿ ಟೋಪಿ ತೆಗೆದು ಕೈ ಮುಗಿದರು. ನಾವೂ ಮುಗಿದೆವು.

ಅಲ್ಲಿ ಇನ್ನೊಂದು ಬಿಡುವಿನ ದಿನ ಹಾಳೆಯಲ್ಲಿತ್ತು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು ಅನ್ನೋದು ಸಾಮಾನ್ಯ ಲೆಕ್ಕ. ಖಾಂಬಾಚೆನ್‌ನಿಂದ ಲೋನಾಕ್‌ಗೆ ಹೆಚ್ಚುಕಡಿಮೆ 680 ಮೀಟರ್ ಏರು. ನಡುವೆ ಉಳಿಯೋಕೆ ಸರಿಯಾದ ಊರಿಲ್ಲ. ಅದಕ್ಕೇ ಎರಡು ರಾತ್ರಿ ಇಲ್ಲಿರಬೇಕು.

ನಾನು ಬೇಡ ಅಂದೆ. 'ಎಲ್ಲರೂ ಚೆನ್ನಾಗಿದ್ದೀವಲ್ಲ, ನಾಳೆನೇ ಹೋಗೋಣ. ಒಂದು ದಿನ ಉಳಿಯುತ್ತೆ' ಅಂದೆ. ತಮ್ಮ ನನ್ನ ಮುಖ ನೋಡಿದ. 'ನಿಜವಾಗಲೂ ಚೆನ್ನಾಗಿದ್ದೀಯಾ?' 'ಏನಿಲ್ಲ ಕಣೋ, ಚೆನ್ನಾಗೇ ಇದ್ದೀನಿ.' ಆ ಹೊತ್ತಿಗಾಗಲೇ ಹಣೆಯ ಹಿಂದೆ ಸಣ್ಣಗೆ ಏನೋ ಹಿಂಡುತ್ತಿತ್ತು. ಊಟ ಅರ್ಧ ತಟ್ಟೆಯಲ್ಲೇ ಬಿಟ್ಟಿದ್ದೆ. ಭಾಯಿಗೆ ಮನಸ್ಸಿರಲಿಲ್ಲ. ಆದರೆ ಅವರು ನೋಡಿದ್ದು ನಾನು ಹೇಳಿದ್ದನ್ನು ಮಾತ್ರ.

'ಏನಿಲ್ಲ' ಅನ್ನೋದು ನನ್ನ ಬಾಯಿಗೆ ಎಷ್ಟು ಸಲೀಸು ಅಂತ ನನಗೇ ಗೊತ್ತಿರಲಿಲ್ಲ. ಅಮ್ಮನಿಂದ ಬಂದ ಮಾತು ಅದು. ಜ್ವರ ಇದ್ದರೂ ಏನಿಲ್ಲ. ಕೈ ಸುಟ್ಟುಕೊಂಡರೂ ಏನಿಲ್ಲ. ಮನೆ ನಡೆಯಬೇಕಲ್ಲ, ನಮ್ಮಿಂದ ಯಾರಿಗೂ ತೊಂದರೆ ಆಗಬಾರದಲ್ಲ. ನಮ್ಮ ಕಡೆಯ ಹೆಂಗಸರಿಗೆ ಇದು ಹೇಳಿಕೊಡಬೇಕಾದ ಪಾಠವೇ ಅಲ್ಲ.

ಮಾರನೆಯ ಬೆಳಿಗ್ಗೆ ಹೊರಟೆವು. ಭೂಕುಸಿತದ ಜಾಗವನ್ನು ಬಿಸಿಲೇರುವ ಮೊದಲೇ ಒಬ್ಬೊಬ್ಬರಾಗಿ ದಾಟಿದೆವು. ಬಿಸಿಲಿಗೆ ಮಣ್ಣು ಸಡಿಲವಾಗಿ ಮೇಲಿಂದ ಕಲ್ಲು ಉರುಳುತ್ತವೆ. ಆಮೇಲೆ ರಾಮ್‌ತಾಂಗ್ ದಾಟಿ, ಹಿಮನದಿಯ ಪಕ್ಕದ ದಿಬ್ಬದ ಮೇಲೆ ನಡಿಗೆ. ಹಿಮನದಿ ಅಂದರೆ ಬಿಳಿ ಬಣ್ಣದ್ದು ಅಂದುಕೊಂಡಿದ್ದೆ. ಅದರ ಮೈ ತುಂಬ ಬೂದು ಕಲ್ಲು, ಮಣ್ಣು. ಅಲ್ಲಲ್ಲಿ ಸೀಳಿನಲ್ಲಿ ಮಾತ್ರ ಹಸಿರು ನೀಲಿ ಐಸ್ ಕಾಣುತ್ತಿತ್ತು.

ಲೋನಾಕ್ ತಲುಪುವಾಗ ಮಧ್ಯಾಹ್ನ ಒಂದು ಗಂಟೆ. ಸುಮಾರು 4,780 ಮೀಟರ್. ನಾಲ್ಕಾರು ಕಲ್ಲಿನ ಗುಡಿಸಲು, ಸುತ್ತ ಬಯಲು. ಒಳಗೆ ಯಾಕ್ ಸಗಣಿಯ ಬೆರಣಿ ಉರಿಸುವ ಒಲೆ. ನಾನು ಗೋಡೆಗೆ ಒರಗಿ ಕೂತೆ. ಪ್ಯಾರಸಿಟಮಾಲ್ ನುಂಗಿದೆ. ಅರ್ಧ ಗಂಟೆ ಆದರೂ ತಲೆನೋವು ಕಡಿಮೆ ಆಗಲಿಲ್ಲ. ಯಾರೋ ಕಣ್ಣುಗುಡ್ಡೆಯನ್ನು ಒಳಗಿಂದ ಹೆಬ್ಬೆರಳಲ್ಲಿ ಒತ್ತಿದ ಹಾಗೆ. ಸೂಪ್ ತಂದರು. ಅದರ ವಾಸನೆಗೇ ಎದ್ದು ಹೊರಗೆ ಹೋಗಿ ವಾಂತಿ ಮಾಡಿದೆ.

ಒಳಗೆ ಬಂದು ಕೂತಾಗ ಭಾಯಿ ಎದುರಿಗೆ ಬಂದು ಮಂಡಿ ಊರಿದರು.

'ದೀದಿ, ತಲೆನೋವು ಇದೆಯಾ?'

'ಏನಿಲ್ಲ ಭಾಯಿ, ಸ್ವಲ್ಪ...'

'ಅಕ್ಕಾ' ಅಂದ ತಮ್ಮ. ಅಷ್ಟೇ ಅಂದಿದ್ದು. ಆದರೆ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅವನ ದನಿ ಹೀಗಿತ್ತು. ನಾನು ಎಲ್ಲ ಹೇಳಿದೆ. ನಿನ್ನೆಯಿಂದ ತಲೆನೋವು. ಎರಡು ದಿನದಿಂದ ಸರಿಯಾಗಿ ತಿಂದಿಲ್ಲ. ಘುನ್ಸಾದಲ್ಲಿ ಮಾತ್ರೆ ಬಿಟ್ಟೆ.

ಭಾಯಿ ಬೈಯಲಿಲ್ಲ. ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಹಾಕಿದರು. 74. 'ಈ ನಂಬರ್ ಇಲ್ಲಿ ಕಡಿಮೆ ಬರುವುದೇ. ಅದಕ್ಕಿಂತ ನೀವು ಹೇಗಿದ್ದೀರಿ ಅನ್ನೋದು ಮುಖ್ಯ' ಅಂದರು. ಆಮೇಲೆ ಹೊರಗೆ ಕರೆದುಕೊಂಡು ಹೋಗಿ, ಕೈಯಲ್ಲಿದ್ದ ಕೋಲಿನಿಂದ ನೆಲದ ಮೇಲೆ ಒಂದು ಗೆರೆ ಎಳೆದರು. 'ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆಯಿರಿ.' ಧೂಳಿನಲ್ಲಿ ಹತ್ತು ಅಡಿ ಉದ್ದದ ಗೆರೆ. ನಾನು ಉಸಿರು ಬಿಗಿಹಿಡಿದು ನಡೆದೆ. ತಿರುಗಿ ಬಂದೆ. ಪಾದ ಗೆರೆ ಬಿಡಲಿಲ್ಲ. ಭಾಯಿಯ ಹೆಗಲು ಸ್ವಲ್ಪ ಇಳಿದದ್ದು ಕಾಣಿಸಿತು. ತೂರಾಡಿದ್ದರೆ ಮೆದುಳಿನಲ್ಲಿ ನೀರು ತುಂಬುತ್ತಿರುವ ಲಕ್ಷಣ ಅಂತ ಆಮೇಲೆ ಹೇಳಿದರು. ಆಗ ಮತ್ತೆ ಹತ್ತುವ ಮಾತೇ ಇಲ್ಲ, ಹೊತ್ತುಕೊಂಡಾದರೂ ಇಳಿಸಬೇಕು, ಹೆಲಿಕಾಪ್ಟರ್ ಕರೆಸಬೇಕು.

'ಈಗಲೇ ಇಳಿಯೋಣ' ಅಂದರು. ನಾನು 'ಬೆಳಿಗ್ಗೆ ನೋಡೋಣವಾ?' ಅಂದೆ. 'ರಾತ್ರಿ ಮಲಗಿದಾಗ ಉಸಿರು ಇನ್ನೂ ಕಡಿಮೆ ಆಗುತ್ತೆ ದೀದಿ. ಬೆಳಿಗ್ಗೆ ನೀವು ನಡೆಯುವ ಹಾಗಿರುತ್ತೀರೋ ಇಲ್ಲವೋ. ಈಗ ನಡೆಯುತ್ತಿದ್ದೀರಿ.' ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರೂಕಾಲಿಗೆ ಹೊರಟೆವು. ನನ್ನ ಚೀಲವನ್ನು ಪೋರ್ಟರ್ ಹುಡುಗ ತನ್ನ ಹೊರೆಯ ಮೇಲೆ ಹಾಕಿಕೊಂಡ. ಬೆಳಿಗ್ಗೆಯಿಂದ ನಡೆದು ಬಂದ ದಾರಿಯನ್ನೇ ಮತ್ತೆ ತುಳಿಯುವುದು. ಐದೂವರೆಗೆ ಕತ್ತಲು. ತಲೆಗೆ ಟಾರ್ಚ್ ಕಟ್ಟಿಕೊಂಡು ತಮ್ಮ ಮುಂದೆ, ನಾನು ನಡುವೆ, ಭಾಯಿ ಹಿಂದೆ. ಕುಸಿತದ ಜಾಗ ಬಂದಾಗ ಎಲ್ಲರೂ ಟಾರ್ಚ್ ಆರಿಸಿ ಸುಮ್ಮನೆ ನಿಂತೆವು. ಮೇಲಿಂದ ಕಲ್ಲಿನ ಸದ್ದು ಬರುತ್ತದಾ ಅಂತ ಕೇಳಬೇಕಿತ್ತು. ಬರಲಿಲ್ಲ. ಚಳಿಗೆ ಎಲ್ಲ ಹೆಪ್ಪುಗಟ್ಟಿತ್ತು. 'ಹೋಗಿ' ಅಂದರು. ಒಬ್ಬೊಬ್ಬರಾಗಿ ದಾಟಿದೆವು. ಮೂರು ಜನ ನನಗೋಸ್ಕರ ರಾತ್ರಿಯಲ್ಲಿ ಆ ಇಳಿಜಾರು ದಾಟುತ್ತಿದ್ದಾರೆ ಅನ್ನೋದು ನನಗೆ ತಲೆನೋವಿಗಿಂತ ಜಾಸ್ತಿ ನೋವು ಕೊಟ್ಟಿತು. ಯಾರಿಗೂ ತೊಂದರೆ ಬೇಡ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಎಲ್ಲರನ್ನೂ ತೊಂದರೆಗೆ ಹಾಕಿದ್ದು ಅದೇ.

ಇಳಿಯುತ್ತಾ ಇಳಿಯುತ್ತಾ ತಲೆಯ ಒಳಗಿನ ಒತ್ತಡ ಸಡಿಲಾಗುತ್ತಾ ಬಂತು. ಇದನ್ನು ಎಷ್ಟು ಓದಿದ್ದರೂ ಅನುಭವಿಸಿದಾಗ ಬೆರಗಾಗುತ್ತದೆ. ಖಾಂಬಾಚೆನ್ ತಲುಪಿದಾಗ ಏಳು ದಾಟಿತ್ತು. ಲಾಡ್ಜಿನ ದೀದಿ ಬಾಗಿಲು ತೆಗೆದರು. ಅರವತ್ತರ ಹೆಂಗಸು. ಏನೂ ಕೇಳಲಿಲ್ಲ. ಒಲೆಯ ಹತ್ತಿರದ ಬೆಂಚಿನಿಂದ ತಮ್ಮ ಮೊಮ್ಮಗನನ್ನು ಎಬ್ಬಿಸಿ ಆ ಜಾಗದಲ್ಲಿ ನನ್ನನ್ನು ಕೂರಿಸಿದರು. ಬೇಯಿಸಿದ ಆಲೂಗೆಡ್ಡೆ, ಉಪ್ಪು, ಅರೆದ ಒಣಮೆಣಸಿನಕಾಯಿ. ನಾನು ಒಂದು ತಿಂದೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಐದನೆಯದನ್ನು ಸುಲಿಯುವಾಗ ತಮ್ಮ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ.

ಬೆಳಿಗ್ಗೆ ತಲೆನೋವು ಇರಲಿಲ್ಲ. ಮಾತ್ರೆ ಮತ್ತೆ ಶುರು ಮಾಡಿದೆ. ಇನ್ನು ಘುನ್ಸಾಕ್ಕೆ ಇಳಿಯುವುದೇ ಅಂದುಕೊಂಡಿದ್ದೆ. ಆಗ ತಮ್ಮ ಜೇಬಿನಿಂದ ಆ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಮಡಿಕೆ ಮಡಿಕೆ ಸವೆದು ಹರಿಯುವ ಹಾಗಿತ್ತು. ಕೊನೆಯ ಎರಡು ಖಾಲಿ ಸಾಲುಗಳ ಮೇಲೆ ಬೆರಳಿಟ್ಟ. 'ಇವು ಇವೆಯಲ್ಲ ಅಕ್ಕ.'

ಭಾಯಿ ಷರತ್ತು ಹಾಕಿದರು. ಇವತ್ತು ಪೂರ್ತಿ ವಿಶ್ರಾಂತಿ. ನಾಳೆ ಸ್ವಲ್ಪ ಮೇಲೆ ಹತ್ತಿ, ವಾಪಸ್ ಬಂದು ಇಲ್ಲೇ ಮಲಗುವುದು. ಮೈಯಲ್ಲಿ ಒಂದು ಲಕ್ಷಣವೂ ಇಲ್ಲದಿದ್ದರೆ ಮಾತ್ರ ನಾಡಿದ್ದು ಲೋನಾಕ್. ದಿನಕ್ಕೆ ಮೂರು ಸಲ ಅವರು ಕೇಳುತ್ತಾರೆ, ನಾನು ನಿಜ ಹೇಳಬೇಕು. ಒಪ್ಪಿದೆ.

ಆ ಎರಡು ದಿನ ಆ ಒಲೆಯ ಪಕ್ಕ ಕಳೆದಿದ್ದು ನನಗೆ ಇಡೀ ಪ್ರಯಾಣದಲ್ಲೇ ತುಂಬ ಇಷ್ಟವಾದ ಭಾಗ. ದೀದಿಗೆ ಹಿಂದಿ ಅಷ್ಟಕ್ಕಷ್ಟೆ, ನನಗೆ ನೇಪಾಳಿ ಬರಲ್ಲ. ಕೆಲಸ ಮಾಡುತ್ತಾ ಮಾತಾಡಿದೆವು. ನಾನು ಆಲೂಗೆಡ್ಡೆ ಸುಲಿದೆ. ಅವರು ಯಾಕ್ ಹಾಲಿನ ಗಟ್ಟಿ ಚೀಸ್, ಛುರ್ಪಿಯ ತುಂಡುಗಳನ್ನು ದಾರಕ್ಕೆ ಪೋಣಿಸುತ್ತಿದ್ದರು. ಸೂಜಿ ಕಣ್ಣಿಗೆ ಕಾಣದಾದಾಗ ನನ್ನ ಕೈಗೆ ಕೊಡುತ್ತಿದ್ದರು. ಚಹಾ ಕುದಿಯುವಾಗ ಭಾಯಿ ಒಳಜೇಬಿನ ಪೊಟ್ಟಣ ತೆಗೆದು ಎರಡು ಹಸಿರು ಏಲಕ್ಕಿ ಜಜ್ಜಿ ಹಾಕಿದರು. ದೀದಿ ಲೋಟ ಮೂಗಿನ ಹತ್ತಿರ ಹಿಡಿದು ತುಂಬ ಹೊತ್ತು ಕುಡಿಯದೇ ಕೂತಿದ್ದರು. ಹೊರಗೆ ಕುಂಭಕರ್ಣದ ಮೇಲೆ ಬಿಸಿಲು ಏರುತ್ತಿತ್ತು, ಇಳಿಯುತ್ತಿತ್ತು. ಎರಡನೇ ದಿನ ನದಿ ದಾಟಿ ಅದರ ಬುಡದ ಕಡೆಗೆ ಮುನ್ನೂರು ಮೀಟರ್ ಹತ್ತಿ ಬಂದೆವು. ತಲೆ ಹಗುರ. ಹಸಿವು.

ಹೊರಡುವಾಗ ದೀದಿ ನನ್ನ ಮಫ್ಲರ್ ಬಿಗಿ ಮಾಡಿದರು. 'ಬಿಸ್ತಾರೈ, ಬಹಿನಿ' ಅಂದರು. ನಿಧಾನ, ತಂಗಿ.

ನಿಧಾನವಾಗೇ ಹೋದೆವು. ಎರಡನೇ ಸಲ ಲೋನಾಕ್ ಬೇರೆಯೇ ಊರಿನ ಹಾಗಿತ್ತು. ಮೊದಲ ಸಲ ನಾನು ಆ ಬಯಲನ್ನು ನೋಡಿರಲೇ ಇಲ್ಲ. ಗುಡಿಸಲಿನ ಮುಂದಿನ ಧೂಳಿನಲ್ಲಿ ಭಾಯಿ ಎಳೆದ ಗೆರೆ ಹುಡುಕಿದೆ. ಯಾಕ್‌ಗಳು ತುಳಿದು ಅಳಿಸಿದ್ದವು. ರಾತ್ರಿ ಬಾಟಲಿಯ ನೀರು ಗಟ್ಟಿಯಾಯಿತು. ತಲೆನೋವು ಇತ್ತಾ ಅಂದರೆ ಸಣ್ಣಗೆ ಇತ್ತು, ಹೇಳಿದೆ. ನೀರು ಕುಡಿದ ಮೇಲೆ ಹೋಯಿತು, ಅದನ್ನೂ ಹೇಳಿದೆ.

ಬೆಳಗಿನ ಜಾವ ನಾಲ್ಕೂವರೆಗೆ ಪಾಂಗ್‌ಪೆಮಾಕ್ಕೆ ಹೊರಟೆವು. ಕಾಲಡಿ ಹುಲ್ಲಿನ ಮೇಲಿನ ಮಂಜು ಕರಕರ ಅನ್ನುತ್ತಿತ್ತು. ಐದು ಸಾವಿರ ಮೀಟರಿನ ಮೇಲೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ನೂರು ಹೆಜ್ಜೆ ಎಣಿಸಿ ನಿಲ್ಲುವುದು. ಆಮೇಲೆ ಐವತ್ತು. ಕೊನೆಗೆ ಇಪ್ಪತ್ತು. ಎದುರು ದಂಡೆಯಲ್ಲಿ ವೆಜ್ ಪೀಕ್ ಕೊಡಲಿಯ ಬಾಯಿಯ ಹಾಗೆ ನಿಂತಿತ್ತು. ಇಳಿಜಾರಿನಲ್ಲಿ ಬೂದು ಬಣ್ಣದ್ದೇನೋ ಚಲಿಸಿತು. ನೀಲಿ ಕುರಿಗಳು. ಅಲ್ಲಿ ನೌರ್ ಅಂತಾರೆ. ನಲವತ್ತಕ್ಕಿಂತ ಜಾಸ್ತಿ ಇದ್ದವು. ನಮ್ಮನ್ನು ನೋಡಿ ಓಡಲಿಲ್ಲ, ಮೇಯುತ್ತಲೇ ಇದ್ದವು.

ಎಂಟೂ ಕಾಲಿಗೆ ಒಂದು ತಿರುವು ದಾಟಿದೆವು. ಭಾಯಿ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.

ಡಾರ್ಜಿಲಿಂಗಿನಿಂದ ಕಂಡಿದ್ದು ಆಕಾಶದಲ್ಲಿ ತೇಲುವ ಗುಲಾಬಿ ಗೆರೆ. ಇಲ್ಲಿ ಅದಕ್ಕೆ ಬುಡ ಇತ್ತು. ಹಿಮನದಿಯಿಂದ ಎದ್ದ ಗೋಡೆ, ಅದರ ಮೇಲೆ ನೇತುಬಿದ್ದ ಐಸಿನ ಅಟ್ಟಗಳು, ಅದರ ಮೇಲೆ ಕಪ್ಪು ಬಂಡೆ, ಮತ್ತೆ ಐಸು, ತುದಿಯಲ್ಲಿ ಗಾಳಿಗೆ ಹಾರುವ ಹಿಮದ ಪುಡಿ. ನಾವು ನಿಂತಿದ್ದು 5,143 ಮೀಟರಿನಲ್ಲಿ. ಅದು ನಮ್ಮ ತಲೆಯ ಮೇಲೆ ಇನ್ನೂ ಮೂರು ಸಾವಿರದ ನಾನೂರು ಮೀಟರ್ ಎದ್ದಿತ್ತು. ಒಂದು ಮುಳ್ಳಯ್ಯನಗಿರಿ, ಅದರ ಮೇಲೆ ಮುಕ್ಕಾಲು ಇನ್ನೊಂದು.

1930ರಲ್ಲಿ ಡೈರೆನ್‌ಫರ್ತ್ ಅವರ ತಂಡ ಇದೇ ಕಡೆಯಿಂದ ಹತ್ತಲು ಬಂದಿತ್ತು. ಆ ಐಸಿನ ಅಟ್ಟಗಳಲ್ಲಿ ಒಂದು ಮುರಿದು ಬಿದ್ದು ಚೆಟ್ಟನ್ ಅನ್ನುವ ಶೆರ್ಪಾ ತೀರಿಕೊಂಡರು. 1979ರಲ್ಲಿ ಡಗ್ ಸ್ಕಾಟ್, ಪೀಟರ್ ಬೋರ್ಡ್‌ಮನ್, ಜೋ ಟಾಸ್ಕರ್ ಉತ್ತರದ ಏಣು ಹಿಡಿದು, ಸಿಲಿಂಡರಿನ ಆಕ್ಸಿಜನ್ ಇಲ್ಲದೆ ಮೇಲೆ ಹೋದರು. 1955ರಲ್ಲಿ ಆ ಕಡೆಯ ಯಾಲುಂಗ್ ಬದಿಯಿಂದ ಮೊದಲ ಸಲ ಹತ್ತಿದ ಜಾರ್ಜ್ ಬ್ಯಾಂಡ್ ಮತ್ತು ಜೋ ಬ್ರೌನ್ ತುದಿಗೆ ಕೆಲವೇ ಹೆಜ್ಜೆ ಇದ್ದಾಗ ನಿಂತುಬಿಟ್ಟರು. ಸಿಕ್ಕಿಮಿನ ಜನರಿಗೆ ಅದು ದೇವರು, ತುಳಿಯುವುದಿಲ್ಲ ಅಂತ ಮಾತು ಕೊಟ್ಟಿದ್ದರು. ಆ ಗೋಡೆಯ ಎದುರು ನಿಂತಾಗ ಈ ಮೂರರಲ್ಲಿ ನನಗೆ ನೆನಪಾದದ್ದು ಚೆಟ್ಟನ್. ಹೊರೆ ಹೊತ್ತು, ದಾರಿ ಮಾಡಿ, ಅಲ್ಲೇ ಉಳಿದವರು. ನನ್ನ ಚೀಲ ಹೊತ್ತ ಹುಡುಗ ಪಕ್ಕದ ಬಂಡೆಯ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ.

ಒಂದೂವರೆ ಗಂಟೆ ಅಲ್ಲಿದ್ದೆವು. ನಾಲ್ಕೂ ಜನ ಕಡಲೆಕಾಯಿ ಚಿಕ್ಕಿ ಹಂಚಿಕೊಂಡು ತಿಂದೆವು. ಚಳಿಗೆ ಅದು ಕಲ್ಲಾಗಿತ್ತು, ಬಾಯಲ್ಲಿ ಇಟ್ಟುಕೊಂಡು ಕರಗಿಸಬೇಕಿತ್ತು. ಯಾರೂ ಜಾಸ್ತಿ ಮಾತಾಡಲಿಲ್ಲ. ಹತ್ತು ಗಂಟೆಗೆ ಗಾಳಿ ಎದ್ದಿತು, ಇಳಿದೆವು.

ವಾಪಸ್ ದಾರಿ ಬೇಗ ಸಾಗಿತು. ಖಾಂಬಾಚೆನ್‌ನಲ್ಲಿ ದೀದಿ ಮನೆ ಬೀಗ ಹಾಕುವ ತಯಾರಿಯಲ್ಲಿದ್ದರು, ಚಳಿಗಾಲ ಬಂತಲ್ಲ. ಸೇಕಾಥುಮ್‌ನಲ್ಲಿ ತಮ್ಮ ತೋಂಗ್ಬಾ ಕುಡಿದ. ಹುಳಿ ಬಂದ ಕೋದೋ ಕಾಳು ತುಂಬಿದ ಮರದ ಪಾತ್ರೆಗೆ ಬಿಸಿನೀರು ಹಾಕಿ, ಬಿದಿರಿನ ಕೊಳವೆಯಲ್ಲಿ ಹೀರುವುದು. ಎತ್ತರದಲ್ಲಿ ಭಾಯಿ ಅದನ್ನು ಮುಟ್ಟಲು ಬಿಟ್ಟಿರಲಿಲ್ಲ. ನಾನೂ ಎರಡು ಗುಟುಕು ಕುಡಿದೆ. ರಾಗಿ ಅಂಬಲಿ ಹುಳಿ ಬಂದ ಹಾಗೆ, ಬೆಚ್ಚಗೆ. ಭಾಯಿಯ ಅಮ್ಮ ಒಂದು ಕೆಜಿ ದೊಡ್ಡ ಏಲಕ್ಕಿ ಕಟ್ಟಿಕೊಟ್ಟರು. ಹೊಗೆ ವಾಸನೆ ನನ್ನ ಬಟ್ಟೆಗೆಲ್ಲ ಹಿಡಿಯಿತು.

ತಾಪ್ಲೆಜುಂಗ್‌ನಲ್ಲಿ ಫೋನ್ ಸಿಕ್ಕಿತು. ಅಮ್ಮನಿಗೆ ಮಾಡಿದೆ.

'ಹೇಗಿದ್ದೀಯ?' ಅಂದರು.

'ಎಡ ಮಂಡಿ ನೋಯ್ತಿದೆ ಅಮ್ಮ. ತುಟಿ ಒಡೆದು ರಕ್ತ ಬರುತ್ತೆ. ಒಂದು ದಿನ ತುಂಬ ಹುಷಾರಿರಲಿಲ್ಲ, ಮನೆಗೆ ಬಂದು ಹೇಳ್ತೀನಿ. ಈಗ ಚೆನ್ನಾಗಿದ್ದೀನಿ.'

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

'ತುಟಿಗೆ ತುಪ್ಪ ಹಚ್ಚು' ಅಂದರು ಅಮ್ಮ. ಆಮೇಲೆ, 'ನನಗೂ ವಾರದಿಂದ ಸೊಂಟ ಹಿಡಿದಿದೆ ಕಣೆ' ಅಂದರು.